ಕರ್ನಾಟಕದಲ್ಲಿ ಕಲಾ ಛಾಯಾಗ್ರಹಣಕ್ಕೆ ಧನಸಹಾಯ

ಸುದ್ದಿ, ಜಾಹೀರಾತು ಅಥವಾ ಸಮಾರಂಭಗಳಿಗಾಗಿ ಅಲ್ಲದೆ, ಸ್ವತಂತ್ರ ಕಲಾಕೃತಿಗಳಾಗಿ ಛಾಯಾಚಿತ್ರಗಳನ್ನು ರಚಿಸುವವರಿಗೆ ವಸ್ತುಸಂಗ್ರಹಾಲಯಗಳು ಮತ್ತು ಪ್ರತಿಷ್ಠಾನಗಳು ನೀಡುವ ಆರ್ಥಿಕ ನೆರವನ್ನು ಕಲಾ ಛಾಯಾಗ್ರಹಣದ ಧನಸಹಾಯ ಎನ್ನಲಾಗುತ್ತದೆ. ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಇಂತಹ ಹಲವು ನೆರವುಗಳನ್ನು ವಸ್ತುಸಂಗ್ರಹಾಲಯಗಳೇ ನಡೆಸುತ್ತವೆ. ಕರ್ನಾಟಕದಲ್ಲಿ ಬೆಂಗಳೂರಿನ ಲಾಭರಹಿತ ಪ್ರತಿಷ್ಠಾನಗಳು ಈ ಕೆಲಸವನ್ನು ಕೈಗೊಂಡವು. ಛಾಯಾಗ್ರಹಣಕ್ಕೆ ಪ್ರಮುಖ ಸ್ಥಾನ ನೀಡಿದ ದೊಡ್ಡ ಖಾಸಗಿ ವಸ್ತುಸಂಗ್ರಹಾಲಯವೊಂದು ನಗರದಲ್ಲಿ ಬಾಗಿಲು ತೆರೆದದ್ದು 2023ರಲ್ಲಿ.

ನೆರವಿನ ರೂಪಗಳು

ಧನಸಹಾಯವನ್ನು ಅದು ದೊರೆಯುವ ಹಂತದ ಆಧಾರದ ಮೇಲೆ ಮೂರು ಬಗೆಯಾಗಿ ವಿಂಗಡಿಸಬಹುದು. ಅನುದಾನ ಮತ್ತು ಫೆಲೋಶಿಪ್‌ಗಳು ಕೃತಿ ರಚನೆಗೆ ಮುನ್ನ ದೊರೆಯುತ್ತವೆ. ಪ್ರಯಾಣ, ಸಾಮಗ್ರಿ, ಮುದ್ರಣ ಮತ್ತು ಸಂಶೋಧನೆಯ ವೆಚ್ಚವನ್ನು ಇವು ಭರಿಸುತ್ತವೆ. ಪ್ರಶಸ್ತಿಯು ಈಗಾಗಲೇ ಮುಗಿದ ಕೆಲಸಕ್ಕೆ ಸಲ್ಲುವ ಮನ್ನಣೆ. ವಸ್ತುಸಂಗ್ರಹಾಲಯವು ಮುದ್ರಿತ ಪ್ರತಿಗಳನ್ನು ಕೊಂಡು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುವುದು ಮೂರನೆಯ ಬಗೆ. ಸ್ವಂತ ಹಣವಿಲ್ಲದ ಕಲಾವಿದರಿಗೆ ಮೊದಲನೆಯ ಬಗೆಯೇ ನಿರ್ಣಾಯಕವಾದುದು; ಏಕೆಂದರೆ ಉಳಿದೆರಡು ಬಗೆಗಳಿಗೆ ಅರ್ಹರಾಗಲು ಕೃತಿಯು ಅದಾಗಲೇ ಸಿದ್ಧವಾಗಿರಬೇಕು.

ಇತರ ದೇಶಗಳಲ್ಲಿ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಾಡಿ ವಸ್ತುಸಂಗ್ರಹಾಲಯವು ನೀಡುವ ರಾಬರ್ಟ್ ಗಾರ್ಡ್ನರ್ ಫೆಲೋಶಿಪ್ ಮೊದಲ ಬಗೆಗೆ ಉದಾಹರಣೆ. ಮಾನವ ಬದುಕನ್ನು ಕುರಿತ ಛಾಯಾಚಿತ್ರ ಯೋಜನೆಯೊಂದಕ್ಕೆ ಇದು ಹಣ ಒದಗಿಸುತ್ತದೆ; ಫಲಿತಾಂಶವನ್ನು ವಸ್ತುಸಂಗ್ರಹಾಲಯವೇ ಪುಸ್ತಕವಾಗಿ ಪ್ರಕಟಿಸುತ್ತದೆ. ಭಾರತದ ದಯಾನಿತಾ ಸಿಂಗ್ 2008ರಲ್ಲಿ ಈ ಫೆಲೋಶಿಪ್ ಪಡೆದರು. ಕೆನಡಾದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ ನಡೆಸುತ್ತಿದ್ದ ಗ್ರೇಂಜ್ ಪ್ರಶಸ್ತಿಯನ್ನು 2011ರಲ್ಲಿ ಗೌರಿ ಗಿಲ್ ಪಡೆದರು. ಈ ಪ್ರಶಸ್ತಿಯ ವಿಜೇತರನ್ನು ಸಾರ್ವಜನಿಕರ ಮತದಾನದ ಮೂಲಕ ಆರಿಸಲಾಗುತ್ತಿತ್ತು. ಸ್ವೀಡನ್‌ನ ಹ್ಯಾಸೆಲ್‌ಬ್ಲಾಡ್ ಪ್ರತಿಷ್ಠಾನದ ಪ್ರಶಸ್ತಿಯು 2022ರಲ್ಲಿ ದಯಾನಿತಾ ಸಿಂಗ್ ಅವರಿಗೆ ಸಂದಿತು.

ಕರ್ನಾಟಕದಲ್ಲಿ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಛಾಯಾಗ್ರಾಹಕರ ಜೀವನೋಪಾಯವು ಸ್ಟುಡಿಯೊ ಮತ್ತು ಪತ್ರಿಕೆಗಳನ್ನು ಅವಲಂಬಿಸಿತ್ತು. ಮೈಸೂರಿನ ಟಿ. ಎಸ್. ಸತ್ಯನ್ (1923–2009) 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದರು. ಅನಂತರ ಸ್ವತಂತ್ರ ಛಾಯಾಗ್ರಾಹಕರಾಗಿ ಭಾರತದ ಮತ್ತು ವಿದೇಶಗಳ ಪತ್ರಿಕೆಗಳಿಗೂ ಯುನಿಸೆಫ್‌ನಂತಹ ಸಂಸ್ಥೆಗಳಿಗೂ ಕೆಲಸ ಮಾಡಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ, ಮಕ್ಕಳನ್ನು ಕುರಿತ ಅವರ ಛಾಯಾಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. 1977ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಬೇರೆ ಉದ್ಯೋಗದಲ್ಲಿದ್ದುಕೊಂಡು ಕಲಾ ಛಾಯಾಗ್ರಹಣ ನಡೆಸಿದವರೂ ಇದ್ದಾರೆ. ಪೊಲೀಸ್ ಇಲಾಖೆಯ ನೌಕರರಾಗಿದ್ದ ಕಾಪ್ ಶಿವ, ಗಾಂಧೀಜಿಯ ವೇಷ ಧರಿಸುವ ಗ್ರಾಮೀಣ ಶಾಲಾ ಶಿಕ್ಷಕರೊಬ್ಬರನ್ನು ಕುರಿತ ‘ಬೀಯಿಂಗ್ ಗಾಂಧಿ’ ಸರಣಿಯಿಂದ ಹೆಸರಾದರು.

ಪ್ರತಿಷ್ಠಾನಗಳ ಅನುದಾನ

ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ (ಐಎಫ್‌ಎ) ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾಯಿತು. 1995ರಿಂದ ಇದು ಕಲೆಗಳ ಸಂಶೋಧನೆ ಮತ್ತು ಪ್ರಯೋಗಗಳಿಗೆ ಅನುದಾನ ನೀಡುತ್ತಿದೆ.

ಛಾಯಾಗ್ರಹಣದ ಮಟ್ಟಿಗೆ ಈ ಸಂಸ್ಥೆಯ ನೆರವಿನಿಂದ ರೂಪುಗೊಂಡ ಪ್ರಸಿದ್ಧ ಕೃತಿ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಆ್ಯಂಡ್ ಕಸ್ಟಮ್ಸ್’ (2000–2004). ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಇದನ್ನು ಜೊತೆಯಾಗಿ ರಚಿಸಿದರು. ರವಿವರ್ಮನ ಚಿತ್ರಗಳು, ಪತ್ರಿಕೆಯಲ್ಲಿ ಬಂದ ಆರೋಪಿಗಳ ಭಾವಚಿತ್ರ, ವಸಾಹತುಶಾಹಿ ಕಾಲದಲ್ಲಿ ಬುಡಕಟ್ಟು ಜನರನ್ನು ಚೌಕಳಿ ಹಲಗೆಯ ಮುಂದೆ ನಿಲ್ಲಿಸಿ ತೆಗೆದ ಛಾಯಾಚಿತ್ರ – ಹೀಗೆ ದಕ್ಷಿಣ ಭಾರತದ ಸ್ತ್ರೀಯರನ್ನು ‘ಮಾದರಿ’ಗಳಾಗಿ ತೋರಿಸಿದ ಚಿತ್ರಗಳನ್ನು ಆಯ್ದುಕೊಂಡು, ಪುಷ್ಪಮಾಲಾ ಅವರೇ ಆ ಪಾತ್ರಗಳಲ್ಲಿ ಕಾಣಿಸಿಕೊಂಡರು. ಪ್ರತಿಯೊಂದು ದೃಶ್ಯಕ್ಕೂ ಪರದೆ, ವೇಷಭೂಷಣ ಮತ್ತು ಬೆಳಕಿನ ಪ್ರತ್ಯೇಕ ಏರ್ಪಾಡು ಬೇಕಾಗಿತ್ತು. ಹಲವು ವರ್ಷ ಹಿಡಿಯುವ ಇಂತಹ ಕೆಲಸವನ್ನು ಒಂದೊಂದು ಚಿತ್ರದ ಮಾರಾಟದಿಂದ ನಡೆಸುವುದು ಕಷ್ಟ. ಮುಂಗಡ ಅನುದಾನದ ಉಪಯುಕ್ತತೆಗೆ ಈ ಸರಣಿ ಒಂದು ನಿದರ್ಶನ.

ಟೋಟೊ ಫಂಡ್ಸ್ ದಿ ಆರ್ಟ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆ. ಕನ್ನಡ ಮತ್ತು ಇಂಗ್ಲಿಷ್ ಸೃಜನಶೀಲ ಬರವಣಿಗೆ, ಸಂಗೀತ ಮುಂತಾದ ಕ್ಷೇತ್ರಗಳ ಜೊತೆಗೆ ಛಾಯಾಗ್ರಹಣದಲ್ಲಿಯೂ ಇದು ಯುವ ಪ್ರತಿಭೆಗಳಿಗೆ ಪುರಸ್ಕಾರ ನೀಡಿದೆ. ಛಾಯಾಗ್ರಹಣ ಪುರಸ್ಕಾರವನ್ನು ಕೆಲಕಾಲ ತಸ್ವೀರ್ ಗ್ಯಾಲರಿಯ ಸಹಯೋಗದಲ್ಲಿ ನೀಡಲಾಯಿತು.

ವಸ್ತುಸಂಗ್ರಹಾಲಯದ ಪಾತ್ರ

ತಸ್ವೀರ್ ಗ್ಯಾಲರಿಯನ್ನು ಸ್ಥಾಪಿಸಿದವರು ಉದ್ಯಮಿ ಹಾಗೂ ಕಲಾ ಸಂಗ್ರಾಹಕ ಅಭಿಷೇಕ್ ಪೋದ್ದಾರ್. ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಅವರ ಪ್ರತಿಷ್ಠಾನಕ್ಕೆ ದತ್ತು ನೀಡುವ ಪ್ರಸ್ತಾವವನ್ನು 2016ರಲ್ಲಿ ಪುಷ್ಪಮಾಲಾ ಎನ್. ಸೇರಿದಂತೆ ನಗರದ ಅನೇಕ ಕಲಾವಿದರು ವಿರೋಧಿಸಿದರು. ಕಲಾವಿದರೆಲ್ಲರಿಗೂ ಕೈಗೆಟಕುವ ಸಾರ್ವಜನಿಕ ಸ್ಥಳವು ಖಾಸಗಿ ನಿರ್ವಹಣೆಗೆ ಹೋಗಬಾರದು ಎಂಬುದು ಅವರ ವಾದವಾಗಿತ್ತು. ಖಾಸಗಿ ಹಣದಿಂದ ಗ್ಯಾಲರಿಯನ್ನು ಉತ್ತಮಪಡಿಸಬಹುದು ಎಂಬುದು ಪ್ರಸ್ತಾವದ ಪರವಾಗಿದ್ದವರ ನಿಲುವು. ಆ ಯೋಜನೆ ಜಾರಿಗೆ ಬರಲಿಲ್ಲ.

ಮುಂದೆ ಪೋದ್ದಾರ್ ಅವರು ಸ್ಥಾಪಿಸಿದ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ (ಮ್ಯಾಪ್) 2020ರ ಡಿಸೆಂಬರ್‌ನಲ್ಲಿ ಅಂತರಜಾಲದ ಮೂಲಕ ಆರಂಭವಾಗಿ, 2023ರ ಫೆಬ್ರವರಿಯಲ್ಲಿ ಅದೇ ರಸ್ತೆಯ ತನ್ನದೇ ಕಟ್ಟಡದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಸತ್ಯನ್ ಅವರ ಕುಟುಂಬದ ಟ್ರಸ್ಟ್ ಕೊಡುಗೆಯಾಗಿ ನೀಡಿದ ಸಂಗ್ರಹದ ಆಧಾರದ ಮೇಲೆ, ಅವರ ಜನ್ಮಶತಮಾನೋತ್ಸವದ ವರ್ಷವಾದ 2023ರಲ್ಲಿ ಇಲ್ಲಿ ಪ್ರದರ್ಶನವೊಂದು ನಡೆಯಿತು. ನೆಗೆಟಿವ್ ಮತ್ತು ಮುದ್ರಿತ ಪ್ರತಿಗಳು ಶಾಖ ಹಾಗೂ ತೇವಾಂಶದಿಂದ ಬೇಗ ಹಾಳಾಗುವುದರಿಂದ, ಅವುಗಳ ಸಂರಕ್ಷಣೆ ಮತ್ತು ಡಿಜಿಟಲೀಕರಣವೂ ಛಾಯಾಗ್ರಾಹಕರಿಗೆ ದೊರೆಯುವ ಪರೋಕ್ಷ ನೆರವೇ ಆಗಿದೆ.

ಹಕ್ಕುಸ್ವಾಮ್ಯ

ನೆರವು ಪಡೆಯುವವರಿಗೆ ಹಣದಷ್ಟೇ ಮುಖ್ಯವಾದುದು ಒಪ್ಪಂದದ ಷರತ್ತು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಅದನ್ನು ತೆಗೆದವರೇ. ಆದರೆ ಬೇರೊಬ್ಬರ ಕೋರಿಕೆಯ ಮೇರೆಗೆ, ಪ್ರತಿಫಲ ಪಡೆದು ತೆಗೆದ ಚಿತ್ರದ ಹಕ್ಕು, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರಿಗೆ ಸೇರುತ್ತದೆ. ಆದ್ದರಿಂದ ಸಂಸ್ಥೆ ಕೊಡುವ ಹಣವು ಕಲಾವಿದರ ಸ್ವಂತ ಯೋಜನೆಗೆ ಸಲ್ಲುವ ಅನುದಾನವೇ ಅಥವಾ ಸಂಸ್ಥೆಗಾಗಿ ಮಾಡಿಕೊಡುವ ಕೆಲಸದ ಸಂಭಾವನೆಯೇ ಎಂಬುದು ಬರಹದಲ್ಲಿ ಸ್ಪಷ್ಟವಾಗಿರಬೇಕು. ಮುದ್ರಿತ ಪ್ರತಿಯ ಮಾರಾಟದಿಂದಲೇ ಹಕ್ಕುಸ್ವಾಮ್ಯ ಕೈಬದಲಾಗುವುದಿಲ್ಲ. ಅದರ ವರ್ಗಾವಣೆಗೆ ಸಹಿ ಮಾಡಿದ ಲಿಖಿತ ಪತ್ರ ಅಗತ್ಯ. ಪ್ರಕಟವಾದ ಛಾಯಾಚಿತ್ರದ ಹಕ್ಕುಸ್ವಾಮ್ಯವು, ಅದನ್ನು ತೆಗೆದವರ ಜೀವಿತಾವಧಿಯುದ್ದಕ್ಕೂ, ಅನಂತರ ಅವರ ಮರಣದ ಮರುವರ್ಷದ ಆರಂಭದಿಂದ 60 ವರ್ಷವೂ ಊರ್ಜಿತದಲ್ಲಿರುತ್ತದೆ.