ಸೌತಾಲಿನ ತಾಳ, ಬರ್ಮಿಂಗ್‌ಹ್ಯಾಮಿನ ಮೇಳ

ಸಾಹಿತ್ಯಾಸಕ್ತರ ಈ ಮಿಂಚಂಚೆಯಲ್ಲಿ ಹಿಪ್ ಹಾಪ್, ಭಾಂಗ್ಡಾ ಅಂತೆಲ್ಲ ಬರೆದರೆ ಕೆಲವರಾದರೂ ಹುಬ್ಬೇರಿಸುತ್ತೀರಿ ಎಂದು ಗೊತ್ತು. "ಕುಮಾರವ್ಯಾಸನನ್ನು ಓದುವ ಜಾಗದಲ್ಲಿ ಇದೇನಯ್ಯಾ ಗಲಾಟೆ?" ಎಂದು ಕೇಳುವ ಮುನ್ನ ಒಂದು ಮಾತು. ನಾನು ಬರೆಯಹೊರಟಿರುವುದು ಗಲಾಟೆಯ ಬಗ್ಗೆ ಅಲ್ಲ, ಊರುಗಳ ನಡುವಿನ ಜಿದ್ದಿನ ಬಗ್ಗೆ. ಮೈಸೂರು-ಧಾರವಾಡ ಎಂದ ಕೂಡಲೇ ಕಿವಿ ನೆಟ್ಟಗಾಗುವ ನಮಗೆ ಈ ವಿಷಯ ತೀರ ಹೊರಗಿನದೇನೂ ಅಲ್ಲ.

ಹಿಪ್ ಹಾಪಿಗೆ ಒಂದು ಜಾತಕವೇ ಇದೆ, ದಿನ, ಸ್ಥಳ ಸಮೇತ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮುಂಚೆ ಒಂದು ಪಾರ್ಟಿ ಇಟ್ಟುಕೊಂಡಳು. ತಟ್ಟೆ ತಿರುಗಿಸಿದವನು ಅವಳ ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್. ಇವರು ಜಮೈಕಾದ ಕಿಂಗ್‌ಸ್ಟನ್ನಿನಿಂದ ಬಂದವರು. ಅಲ್ಲಿ ಎರಡು ಧ್ವನಿವರ್ಧಕ ತಂಡಗಳು ಎದುರುಬದುರು ನಿಂತು, ಜನ ಯಾರ ಕಡೆ ವಾಲುತ್ತಾರೆ ನೋಡೋಣ ಎಂದು ಪೈಪೋಟಿಗೆ ಬೀಳುವುದು ಹಳೆಯ ರೂಢಿ. ಕರಾವಳಿಯವರು ಜೋಡಾಟವನ್ನು ನೆನೆಸಿಕೊಳ್ಳಿ. ವಿಜಾಪುರ, ಬಾಗಲಕೋಟೆ ಕಡೆಯವರಿಗೆ ಬಿಡಿಸಿ ಹೇಳುವುದೇ ಬೇಡ. ಹರದೇಶಿ-ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಸವಾಲು-ಜವಾಬು ಹಾಡುವುದನ್ನು ಕೇಳಿದವರಿಗೆ ರ‍್ಯಾಪಿನ ಕಾಳಗ ಹೊಸದಾಗಿ ಕಾಣುವುದಿಲ್ಲ. ಬೈಗುಳದ ಮಟ್ಟ ಮಾತ್ರ ಬೇರೆ, ಅಷ್ಟೆ!

ಮೊದಲ ದೊಡ್ಡ ಜಗಳ ನಡೆದದ್ದು ಒಂದೇ ನಗರದ ಎರಡು ಬಡಾವಣೆಗಳ ನಡುವೆ. ಕ್ವೀನ್ಸ್‌ಬ್ರಿಜ್‌ನ ಎಂಸಿ ಶಾನ್ ತನ್ನ ಬಡಾವಣೆಯನ್ನು ಹೊಗಳಿ ಒಂದು ಹಾಡು ಮಾಡಿದ. ಹಿಪ್ ಹಾಪ್ ಹುಟ್ಟಿದ್ದೇ ನಮ್ಮಲ್ಲಿ ಎಂದು ಅವನು ಹೇಳುತ್ತಿದ್ದಾನೆಂದು ಬ್ರಾಂಕ್ಸಿನವರಿಗೆ ಕೇಳಿಸಿತು. ಕೆಆರ್‌ಎಸ್-ಒನ್ ಎಂಬಾತ 1986-87ರಲ್ಲಿ ಒಂದರ ಮೇಲೊಂದು ಉತ್ತರ ಕೊಟ್ಟ. ನಾನು ಹಾಗೆ ಹೇಳಿಯೇ ಇಲ್ಲ ಎಂದು ಶಾನ್ ಹೇಳುತ್ತಲೇ ಬಂದ, ಯಾರೂ ಕೇಳಿಸಿಕೊಳ್ಳಲಿಲ್ಲ. ಕನ್ನಡದ ಮೊದಲ ಕಾದಂಬರಿ ಯಾವುದು ಎಂಬ ಚರ್ಚೆಗಳಲ್ಲಿ ಕೂತೆದ್ದವರಿಗೆ ಈ ಧಾಟಿ ಚೆನ್ನಾಗಿ ಗೊತ್ತು.

ಆಮೇಲಿನ ಕಥೆ ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಲಾಸ್ ಏಂಜಲೀಸ್ ಎದ್ದು ನಿಂತಿತು. ಪೂರ್ವ ಕರಾವಳಿ, ಪಶ್ಚಿಮ ಕರಾವಳಿ ಎಂಬ ಹಗೆ ಬೆಳೆಯಿತು. 1996ರ ಸೆಪ್ಟೆಂಬರಿನಲ್ಲಿ ಟುಪಾಕ್, 1997ರ ಮಾರ್ಚಿನಲ್ಲಿ ಬಿಗ್ಗಿ, ಇಬ್ಬರೂ ಗುಂಡಿಗೆ ಬಲಿಯಾದರು. ಈ ಸಾವುಗಳ ಗದ್ದಲದಲ್ಲಿ ಜನ ಗಮನಿಸದೆ ಹೋದ ಒಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1995ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸೋರ್ಸ್ ಪ್ರಶಸ್ತಿ ಸಮಾರಂಭ ಎರಡು ಕರಾವಳಿಗಳ ಕಿತ್ತಾಟದಲ್ಲೇ ಮುಳುಗಿತ್ತು. ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿ ಪ್ರಶಸ್ತಿ ತೆಗೆದುಕೊಳ್ಳಲು ವೇದಿಕೆಗೆ ಬಂದಾಗ ಸಭೆ ಕೂಗಾಡಿ ಮೂದಲಿಸಿತು. ದಕ್ಷಿಣದವರಿಗೂ ಹೇಳುವುದು ಏನೋ ಇದೆ ಎಂಬರ್ಥದ ಒಂದು ಮಾತನ್ನು ಆಂಡ್ರೇ ಹೇಳಿ ಇಳಿದು ಹೋದ. ಒಂಬತ್ತು ವರ್ಷಗಳ ನಂತರ, 2004ರಲ್ಲಿ, ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಅದೇ ಜೋಡಿಗೆ ಬಂತು. ಇಬ್ಬರು ಹೊಡೆದಾಡುವಾಗ ಕೇಂದ್ರ ಮೂರನೆಯವನ ಊರಿಗೆ ಸರಿದು ಹೋಗಿರುತ್ತದೆ.

ಇನ್ನು ನಮ್ಮ ಫೆಲ್ಥಮ್ಮಿಗೆ ಬರೋಣ. ರ‍್ಯಾಪ್ ಹಾಡುಗಳಲ್ಲಿ ನಮ್ಮೂರ ಹೆಸರು ಬಂದರೆ ಅದು ಸಾಧಾರಣವಾಗಿ ಇಲ್ಲಿನ ಎಳೆಯ ಅಪರಾಧಿಗಳ ಸೆರೆಮನೆಯ ಹೆಸರಾಗಿಯೇ ಬರುತ್ತದೆ. ಊರಿನವರಿಗೆ ಹೇಳಿಕೊಳ್ಳಲು ಇರುವ ಹೆಸರು ಫ್ರೆಡ್ಡಿ ಮರ್ಕ್ಯುರಿ. ಜಾಂಜಿಬಾರ್ ಬಿಟ್ಟು 1964ರಲ್ಲಿ ಬಂದ ಆ ಪಾರ್ಸಿ ಕುಟುಂಬ ಗ್ಲ್ಯಾಡ್‌ಸ್ಟನ್ ಅವೆನ್ಯೂವಿನ ಮನೆಯಲ್ಲಿತ್ತು. 2016ರಲ್ಲಿ ಅದಕ್ಕೆ ನೀಲಿ ಫಲಕ ಹಾಕಿದರು. ಅವನಿಗೂ ಹಿಪ್ ಹಾಪಿಗೂ ಏನು ಸಂಬಂಧ ಎನ್ನಬೇಡಿ. ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ 1981ರಲ್ಲಿ ಬೇರೆಯವರ ತಟ್ಟೆಗಳನ್ನೇ ಕತ್ತರಿಸಿ ಜೋಡಿಸಿ ಮಾಡಿದ ಪ್ರಸಿದ್ಧ ಮುದ್ರಿಕೆಯಲ್ಲಿ ಕ್ವೀನ್ ತಂಡದ ಒಂದು ಹಾಡಿನ ತುಣುಕೂ ಇದೆ!

ಆದರೆ ನಿಜವಾದ ಕಥೆ ಇರುವುದು ಇಲ್ಲಿಂದ ಕೆಲವೇ ಮೈಲಿ ಉತ್ತರದ ಸೌತಾಲಿನಲ್ಲಿ. ಹುಳಿಪುಡಿಗೆ ಬೇಕಾದ ಬ್ಯಾಡಗಿ ಮೆಣಸಿನಕಾಯಿ ಹುಡುಕಿಕೊಂಡು ನಾವೆಲ್ಲ ಹೋಗುವ ಅದೇ ಸೌತಾಲ್. ಯುದ್ಧಾನಂತರ ಪಂಜಾಬಿಗಳು ಇಲ್ಲಿಗೆ ಬಂದದ್ದು ವೂಲ್ಫ್ ರಬ್ಬರ್ ಕಾರ್ಖಾನೆಯ ಕೆಲಸಕ್ಕೆ, ಆಮೇಲೆ ಹೀಥ್ರೂ ವಿಮಾನ ನಿಲ್ದಾಣಕ್ಕೆ. ಅದೇ ಹೊತ್ತಿಗೆ ಬರ್ಮಿಂಗ್‌ಹ್ಯಾಮ್, ಸ್ಮೆಥಿಕ್ ಕಡೆಗೆ ಹೋದವರು ಎರಕದ ಕುಲುಮೆಗಳಲ್ಲಿ ದುಡಿದರು. ಇಬ್ಬರ ಭಾಷೆ ಒಂದೇ, ಜಲಂಧರದ ಕಡೆಯ ಹಳ್ಳಿಗಳೂ ಬಹುಮಟ್ಟಿಗೆ ಅವೇ. ಆದರೆ ನೆರೆಹೊರೆ ಬೇರೆ. ಸಂಗೀತ ಎರಡು ದಾರಿ ಹಿಡಿದದ್ದು ಅದರಿಂದ ಎಂದು ನನ್ನ ಎಣಿಕೆ.

ಸೌತಾಲಿನಲ್ಲಿ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನ ಕೈಯಲ್ಲಿದ್ದ ಡೊಮಿನಿಯನ್ ಚಿತ್ರಮಂದಿರದಲ್ಲಿ ಹಿಂದಿ ಸಿನಿಮಾ ಓಡುತ್ತಿತ್ತು. ಪೂರ್ವ ಆಫ್ರಿಕಾದಿಂದ ಬಂದ, ಪಟ್ಟಣದಲ್ಲಿ ಬೆಳೆದ ಕುಟುಂಬಗಳು ಅಲ್ಲಿ ನೆಲೆಸಿದವು. ಚನ್ನಿ ಸಿಂಗ್ 1977ರಲ್ಲಿ ಕಟ್ಟಿದ ಅಲಾಪ್, ಆಮೇಲಿನ ಹೀರಾ, ಪ್ರೇಮಿ ತಂಡಗಳ ಹಾಡುಗಳಲ್ಲಿ ಸಿಂಥಸೈಜರು, ಪಿಟೀಲು, ಸಿನಿಮಾ ಹಾಡಿನ ನಯ ಎಲ್ಲ ಇದೆ. ದೀಪಕ್ ಖಜಾಂಚಿ, ಕುಲ್ಜಿತ್ ಭಮ್ರಾ ಎಂಬಿಬ್ಬರು ಇದರ ಹಿಂದಿನ ಕಸುಬುದಾರರು. ಭಮ್ರಾ ಅವರದು ನೈರೋಬಿಯ ಹುಟ್ಟು, ಸೌತಾಲಿನ ಬಾಳು. ತಾಯಿ ಮೊಹಿಂದರ್ ಕೌರ್ ಮದುವೆಮನೆಗಳಲ್ಲಿ ಹಾಡುತ್ತಿದ್ದವರು. ಅವರ ದನಿಯಲ್ಲಿ 1982ರಲ್ಲೇ 'ಪಂಜಾಬಿ ಡಿಸ್ಕೋ' ಎಂಬ ತಟ್ಟೆ ಬಂತು. ಇದಕ್ಕೆಲ್ಲ 'ಸೌತಾಲ್ ಬೀಟ್' ಎಂಬ ಹೆಸರೇ ನಿಂತಿತು.

ಬರ್ಮಿಂಗ್‌ಹ್ಯಾಮಿನವರು ಇದನ್ನು ಸುಮ್ಮನೆ ಒಪ್ಪುವವರೇ? ಅವರ ಭುಜಂಗಿ ಗ್ರೂಪ್ 1967ರಷ್ಟು ಹಳೆಯದು. ಬಾಲ್ಸಲ್ ಹೀತ್‌ನಲ್ಲಿ ಮುಹಮ್ಮದ್ ಅಯೂಬ್ 1966ರಲ್ಲಿ ತೆರೆದ ಓರಿಯೆಂಟಲ್ ಸ್ಟಾರ್ ಏಜೆನ್ಸೀಸ್ ಎಂಬ ಅಂಗಡಿ ಕ್ಯಾಸೆಟ್ ಕಂಪನಿಯಾಗಿ ಬೆಳೆದು ನುಸ್ರತ್ ಫತೇ ಅಲಿ ಖಾನರನ್ನೂ ಈ ದೇಶಕ್ಕೆ ಪರಿಚಯಿಸಿತು. ಮಲ್ಕಿತ್ ಸಿಂಗ್, ಅಪ್ನಾ ಸಂಗೀತ್ ತಂಡಗಳ ಹಾಡುಗಳಲ್ಲಿ ಢೋಲು-ತುಂಬಿ ಮುಂದೆ, ಹಳ್ಳಿಯ ಗಂಟಲು ಮುಂದೆ, ನಯನಾಜೂಕು ಹಿಂದೆ. ಲಂಡನ್ನಿನವರದು ಸಿನಿಮಾ, ನಮ್ಮದು ಮಣ್ಣು ಎಂಬ ಧೋರಣೆ. ಬೇಂದ್ರೆಯವರನ್ನು ಬಲ್ಲ ಧಾರವಾಡದ ಹಿರಿಯರು ಮೈಸೂರು ಕವಿಗಳ ಬಗ್ಗೆ ಮಾತಾಡುವಾಗ ಇಂಥದ್ದೇ ದನಿ ಕೇಳಿದ್ದೇನೆ.

ಆ ಕಾಲದ ಮಕ್ಕಳಿಗೆ ರಾತ್ರಿ ಹೊರಗೆ ಹೋಗಲು ಮನೆಯಲ್ಲಿ ಅಪ್ಪಣೆಯಿಲ್ಲ. ಆದ್ದರಿಂದ ಹಗಲು ಹೊತ್ತಿನ ಕಛೇರಿಗಳು ಶುರುವಾದವು. ಸ್ಕೂಲು ಬ್ಯಾಗಿನಲ್ಲಿ ಬೇರೆ ಬಟ್ಟೆ, ಹ್ಯಾಮರ್‌ಸ್ಮಿತ್ ಪಲೈಸ್‌ನಲ್ಲಿ ಕುಣಿತ, ಸಂಜೆಯೊಳಗೆ ಸಭ್ಯವಾಗಿ ಮನೆಗೆ. ಸಾವಿರಾರು ಕ್ಯಾಸೆಟ್ಟುಗಳು ಸೀರೆ ಅಂಗಡಿ, ಮಿಠಾಯಿ ಅಂಗಡಿಗಳಲ್ಲಿ ಮಾರಾಟವಾದವು. ಆದರೆ ಬ್ರಿಟನ್ನಿನ ಅಧಿಕೃತ ಪಟ್ಟಿ ತಯಾರಾಗುತ್ತಿದ್ದುದು ಆಯ್ದ ತಟ್ಟೆ ಅಂಗಡಿಗಳ ಲೆಕ್ಕದಿಂದ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಲೆಕ್ಕದ ಯಂತ್ರಕ್ಕೆ ಈ ಅಂಗಡಿಗಳ ತಂತಿಯನ್ನು ಜೋಡಿಸಿರಲೇ ಇಲ್ಲ. ಹೀಗಾಗಿ ದೇಶದ ಮಟ್ಟಿಗೆ ಭಾಂಗ್ಡಾ ಇಲ್ಲವೇ ಇಲ್ಲ. ಸೌತಾಲಿನವನಿಗೆ ತನ್ನ ಹಾಡನ್ನು ಅಳೆಯಲು ಬರ್ಮಿಂಗ್‌ಹ್ಯಾಮ್ ಒಂದೇ ಅಳತೆಗೋಲು, ಅವನಿಗೆ ಇವನೇ.

1990ರ ಹೊತ್ತಿಗೆ ತಕ್ಕಡಿ ಬರ್ಮಿಂಗ್‌ಹ್ಯಾಮಿನ ಕಡೆ ವಾಲಿತು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಹ್ಯಾಂಡ್ಸ್‌ವರ್ತ್‌ನಲ್ಲಿ ಪಂಜಾಬಿಗಳ ಪಕ್ಕದ ಮನೆಯವರು ಜಮೈಕಾದವರು. ಸ್ಟೀಲ್ ಪಲ್ಸ್ ಎಂಬ ರೆಗೆ ತಂಡ ಹುಟ್ಟಿದ್ದೂ ಅಲ್ಲೇ. ಅದೇ ಬೀದಿಗಳಲ್ಲಿ ಬೆಳೆದ ಸ್ಟೀವನ್ ಕಪೂರ್ 'ಅಪಾಚೆ ಇಂಡಿಯನ್' ಎಂಬ ಹೆಸರಿನಲ್ಲಿ ಪಂಜಾಬಿ, ಜಮೈಕಾದ ಆಡುಮಾತು, ಬ್ರಮ್ಮಿ ಇಂಗ್ಲಿಷ್ ಮೂರನ್ನೂ ಕಲಸಿ ಹಾಡಿ 1993ರಲ್ಲಿ ದೇಶದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿದ. ಬ್ಯಾಲಿ ಸಗ್ಗು ಎಂಬ ಇನ್ನೊಬ್ಬ ಬರ್ಮಿಂಗ್‌ಹ್ಯಾಮಿಗ ಓರಿಯೆಂಟಲ್ ಸ್ಟಾರ್‌ಗಾಗಿ ಹಳೆಯ ಹಾಡುಗಳನ್ನು ಹಿಪ್ ಹಾಪ್ ತಾಳಕ್ಕೆ ಕೂರಿಸುತ್ತಿದ್ದ. ಹತ್ತು ಜನರ ವಾದ್ಯತಂಡಕ್ಕಿಂತ ಒಬ್ಬ ಹುಡುಗ ಮತ್ತು ಒಂದು ಸ್ಯಾಂಪ್ಲರ್ ಯಂತ್ರ ಅಗ್ಗವಲ್ಲವೇ? ಸೌತಾಲಿನ ತಂಡಗಳಿಗೆ ಪೆಟ್ಟು ಬಿದ್ದದ್ದು ಎದುರಾಳಿ ಊರಿನಿಂದ ಎನ್ನುವುದಕ್ಕಿಂತ ಆ ಪೆಟ್ಟಿಗೆಯಿಂದ.

ಇಲ್ಲಿ ನಮ್ಮ ಕಿರಾನಾ ಘರಾಣೆ ನೆನಪಾಗುತ್ತದೆ. ಕೈರಾನಾ ಎಂಬುದು ಉತ್ತರ ಪ್ರದೇಶದ ಒಂದು ಊರು. ಅಲ್ಲಿನ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆ ನಿಂತು, ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಹುಬ್ಬಳ್ಳಿ-ಧಾರವಾಡದ ನಂಟು ಬೆಳೆಸಿದರು. ಕುಂದಗೋಳದ ಸವಾಯಿ ಗಂಧರ್ವರು ಅವರಿಂದ ಕಲಿತರು; ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಜೋಶಿಯವರು ಪುಣೆ ಸೇರಿದರು, ಗುರುವಿನ ಹೆಸರಿನ ಉತ್ಸವವನ್ನು 1953ರಲ್ಲಿ ಅಲ್ಲೇ ಶುರು ಮಾಡಿದರು. ಒಂದು ಗಾಯನದ ಹೆಸರು ಒಂದು ಊರಿನದು, ಬೇರು ಇನ್ನೊಂದರದು, ಫಲ ಮೂರನೆಯದರದು. ರೈಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಂಗೀತವೂ ಇಳಿಯುತ್ತದೆ.

ಭಾಂಗ್ಡಾದ ಮೂರನೆಯ ಊರು ಕಾವೆಂಟ್ರಿ. ಅಲ್ಲಿಯ ಪಂಜಾಬಿ ಎಂಸಿ 1998ರಲ್ಲಿ ಲಾಭ್ ಜಂಜುವಾ ಅವರ ದನಿಗೆ ಅಮೆರಿಕದ ಒಂದು ಟೀವಿ ಧಾರಾವಾಹಿಯ ಸಂಗೀತವನ್ನು ಜೋಡಿಸಿದ್ದ ಹಾಡು ಜರ್ಮನಿ ಸುತ್ತಿಕೊಂಡು ಬಂದು 2003ರ ಜನವರಿಯಲ್ಲಿ ಇಲ್ಲಿನ ಪಟ್ಟಿಯಲ್ಲಿ ಐದನೆಯದಾಯಿತು. ಅದೇ ವರ್ಷ ಬ್ರೂಕ್ಲಿನ್ನಿನ ಜೇ-ಜೀ ಅದರ ಮೇಲೆ ತನ್ನ ಸಾಲುಗಳನ್ನು ಹಾಕಿದ. ಹಿಪ್ ಹಾಪಿನ ತವರಿನವನೇ ಪಂಜಾಬಿ ಹಾಡಿನೊಳಗೆ ಅತಿಥಿಯಾಗಿ ಬಂದದ್ದು ಆಗ. ನಮ್ಮ ಹೌನ್ಸ್ಲೋ ಕಡೆಯ ಹುಡುಗ ಜೇ ಶಾನ್, ಸೌತಾಲಿನ ಜಗ್ಗಿ ಡಿ, ರಿಷಿ ರಿಚ್ ಸೇರಿ ಮಾಡಿದ ಹಾಡೂ ಅದೇ 2003ರದ್ದು. ಪಶ್ಚಿಮ ಲಂಡನ್ ಮತ್ತೆ ತಲೆಯೆತ್ತಿತು. 2009ರಲ್ಲಿ ಜೇ ಶಾನ್ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇ ಏರಿದ. ಏರಿಸಿದ ಕಂಪನಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಕ್ಯಾಶ್ ಮನಿ, ಅಂದರೆ ಮತ್ತೆ ಅದೇ ದಕ್ಷಿಣ! ಹಾಡು ಮಾತ್ರ ಇಂಗ್ಲಿಷು.

ಆಮೇಲೆ ಕೇಂದ್ರ ಅಟ್ಲಾಂಟಿಕ್ ದಾಟಿತು. ಕೆನಡಾದ ಬ್ರಾಂಪ್ಟನ್, ಸರ್ರೆ ನಗರಗಳ ಪಂಜಾಬಿ ಹುಡುಗರ ಹಾಡುಗಳನ್ನು ಸೌತಾಲಿನ ಹುಡುಗರು ಕೇಳತೊಡಗಿದರು. ವಿದ್ಯಾರ್ಥಿಯಾಗಿ ಬ್ರಾಂಪ್ಟನ್ನಿಗೆ ಹೋಗಿದ್ದ ಸಿಧು ಮೂಸೆವಾಲಾ 2019ರಲ್ಲಿ ಬರ್ಮಿಂಗ್‌ಹ್ಯಾಮಿನ ರ‍್ಯಾಪರ್ ಮಿಸ್ಟ್ ಜತೆ ಹಾಡಿದ. ಅದಕ್ಕೆ ಸಂಗೀತ ಕಟ್ಟಿದವನು ಪೂರ್ವ ಲಂಡನ್ನಿನ ಸ್ಟೀಲ್ ಬ್ಯಾಂಗಲ್ಸ್. ಒಂದು ಕಾಲದ ಎದುರಾಳಿ ಊರುಗಳು ಹೀಗೆ ಪಂಜಾಬಿನ ಒಬ್ಬನ ಎಡಬಲದಲ್ಲಿ ನಿಂತವು. 2022ರ ಮೇ 29ರಂದು ಮಾನ್ಸಾ ಜಿಲ್ಲೆಯಲ್ಲಿ ಅವನ ಮೇಲೂ ಗುಂಡು ಹಾರಿತು. ಟುಪಾಕ್‌ನನ್ನು ಆರಾಧಿಸುತ್ತಿದ್ದ ಹುಡುಗ.

ಈ ಜಿದ್ದಿನಿಂದ ಬಂದ ಲಾಭದ ಬಗ್ಗೆ ನಾನು ಮತ್ತೆಮತ್ತೆ ಯೋಚಿಸುತ್ತೇನೆ. ಸ್ಮೆಥಿಕ್‌ನಲ್ಲಿ ಹುಟ್ಟಿದ ಹುಡುಗನಿಗೆ ಪಂಜಾಬಿಯಲ್ಲಿ ಹಾಡು ಕಟ್ಟು ಎಂದು ಯಾವ ಭಾನುವಾರದ ಪಾಠಶಾಲೆಯೂ ಹೇಳಬೇಕಾಗಲಿಲ್ಲ. ಸೌತಾಲಿನವನು ಕೇಳಿ ಹೊಟ್ಟೆ ಉರಿದುಕೊಳ್ಳಲಿ ಎಂಬುದೇ ಸಾಕಾಗಿತ್ತು. ನಾವು ಕನ್ನಡಿಗರು ಇಲ್ಲಿ ಎಣಿಕೆಯಲ್ಲಿ ಕಡಿಮೆ. ಆಸ್ಪತ್ರೆ ಎಲ್ಲಿದೆಯೋ ಅಲ್ಲಿ ವೈದ್ಯರು, ಪ್ರಾಜೆಕ್ಟ್ ಎಲ್ಲಿದೆಯೋ ಅಲ್ಲಿ ನಮ್ಮಂಥವರು, ಹೀಗೆ ಚದುರಿಹೋದೆವು. ಯುಗಾದಿಗೆ, ದೀಪಾವಳಿಗೆ ಸೇರುತ್ತೇವೆ, ಮಕ್ಕಳ ಬಾಯಲ್ಲಿ ಸಿನಿಮಾ ಹಾಡು ಹಾಡಿಸುತ್ತೇವೆ, ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಮೂದಲಿಸುವವರೇ ಇಲ್ಲ. ಮಕ್ಕಳಿಗೆ ಬಹುಮಾನ ಕೊಟ್ಟು ಕೊಟ್ಟು ಕನ್ನಡವನ್ನು ಒಂದು ಸಭ್ಯತೆಯ ಭಾಷೆಯಾಗಿ ಮಾಡಿಬಿಟ್ಟಿದ್ದೇವೆ ಎಂದು ನನ್ನ ತಕರಾರು. ಸ್ಲೌ ಊರಿನ ಮಕ್ಕಳು ಫೆಲ್ಥಮ್ಮಿನ ಮಕ್ಕಳನ್ನು ಕನ್ನಡದಲ್ಲಿ, ಪ್ರಾಸಬದ್ಧವಾಗಿ, ಚೆನ್ನಾಗಿ ಬೈಯುವ ಒಂದು ಸ್ಪರ್ಧೆ ಇಟ್ಟರೆ ಹೇಗೆ? ದ್ವಿತೀಯಾಕ್ಷರ ಪ್ರಾಸ ಕಡ್ಡಾಯ ಎನ್ನೋಣ. ನಗಬೇಡಿ, ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಊರಿನಲ್ಲೂ ಕನ್ನಡ ರ‍್ಯಾಪ್ ಎಂದರೆ ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೊ, ಬಹುಪಾಲು ಬೆಂಗಳೂರೇ. 2024ರಲ್ಲಿ ಬೆಂಗಳೂರಿನಿಂದ ಜಗತ್ತಿಗೆ ಕೇಳಿಸಿದ ದನಿ ಹನುಮಾನ್‌ಕೈಂಡ್‌ನದು. ಹುಟ್ಟು ಮಲಪ್ಪುರಂ, ಬೆಳೆದದ್ದು ಹ್ಯೂಸ್ಟನ್ನಿನಲ್ಲಿ, ಹಾಡುವುದು ಅಮೆರಿಕದ ದಕ್ಷಿಣದ ಧಾಟಿಯ ಇಂಗ್ಲಿಷಿನಲ್ಲಿ. ನಮ್ಮ ಜಾತ್ರೆಗಳಲ್ಲಿ ಕಾಣುವ ಮೃತ್ಯುಕೂಪದೊಳಗೆ ಚಿತ್ರೀಕರಿಸಿದ ಆ ಹಾಡು ನನಗೆ ಬಹಳ ಹಿಡಿಸಿತು. ಆದರೂ ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಯಾರಾದರೂ ಎದ್ದು, ತಮ್ಮ ಗಂಟಲಿನ ಕನ್ನಡದಲ್ಲಿ ಬೆಂಗಳೂರನ್ನು ದೊಡ್ಡದಾಗಿ ಕೆಣಕಲಿ ಎಂದು ಆಸೆ.

ಓರಿಯೆಂಟಲ್ ಸ್ಟಾರ್ 2017ರಲ್ಲಿ ಬಾಗಿಲು ಹಾಕಿತು. ಹ್ಯಾಮರ್‌ಸ್ಮಿತ್ ಪಲೈಸ್ 2007ರಲ್ಲಿ ಮುಚ್ಚಿತು, ಆಮೇಲೆ ಅದನ್ನು ಕೆಡವಿ ವಿದ್ಯಾರ್ಥಿಗಳ ವಸತಿಗೃಹ ಕಟ್ಟಿದರು. ಸೌತಾಲಿನ ಸೌತ್ ರೋಡಿನಲ್ಲಿ ಗ್ಲಾಸಿ ಜಂಕ್ಷನ್ ಎಂಬ ಭಾಂಗ್ಡಾ ಪಬ್ ಒಂದಿತ್ತು. ನಮ್ಮ ರೂಪಾಯಿ ನೋಟು ಕೊಟ್ಟರೂ ಬಿಯರ್ ಸಿಗುತ್ತದೆ ಎಂಬುದು ಅದರ ಖ್ಯಾತಿ. ಅದೂ ಮುಚ್ಚಿದ ಮೇಲೆ ಆ ಜಾಗಕ್ಕೆ ಬಂದದ್ದು ಶರವಣ ಭವನ. ಢೋಲು ಬಾರಿಸುತ್ತಿದ್ದ ಜಾಗದಲ್ಲಿ ದೋಸೆ ಹುಯ್ಯತೊಡಗಿದರು.