ಮೆಚ್ಚಿನ ಗದ್ದೆ, ಕಣದ ಪಾಲು: ಕೋಲಾರ ಸೀಮೆಯಲ್ಲಿ ಸೇವೆಯನ್ನು ತೂಗಿದ ಬಗೆ

ಸಾಕುನಾಯಿಯನ್ನು ಅಡ್ಡಾಡಿಸಿ ತರುವವರಿಗೆ ಮೊಬೈಲಿನಲ್ಲಿಯೇ ಅಂಕ ಹಾಕಿ, ಕೂಲಿಯ ಮೇಲೆ ಭಕ್ಷೀಸು ಕಳುಹಿಸುವ ರೂಢಿ ದೊಡ್ಡ ನಗರಗಳಲ್ಲಿ ಬೆಳೆಯುತ್ತಿರುವಾಗ, ಆ ತೂಗುವ ಕೆಲಸವನ್ನೂ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗೆ, ಅಂದರೆ ಒಡೆಯನ ಪರವಾಗಿ ತಾನೇ ತೀರ್ಮಾನಿಸಿ ಹಣ ಸಲ್ಲಿಸುವ ತಂತ್ರಾಂಶಕ್ಕೆ, ಒಪ್ಪಿಸುವ ಆಲೋಚನೆ ಹುಟ್ಟಿಕೊಂಡಿದೆ. ಸೇವೆಯನ್ನು ಅಳೆದು ಮೆಚ್ಚುಗೆಯನ್ನು ವಸ್ತುರೂಪದಲ್ಲಿ ಸಲ್ಲಿಸುವ ಪದ್ಧತಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದ್ದು, ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ಜಿಲ್ಲೆಯ ಕಲ್ಬರಹಗಳು ಒಂದೆಡೆ ಸಿಗುತ್ತವೆ. ಆ ಇತಿಹಾಸದಲ್ಲಿ ಮುಖ್ಯವಾಗಿ ಕೇಳಬೇಕಾದದ್ದು, ತೂಗಿದವನು ಕೆಲಸವನ್ನು ಕಣ್ಣಾರೆ ಕಂಡಿದ್ದನೇ ಎಂಬುದು.

ಕುವಳಾಲವೆಂದು ಕರೆಯಲಾಗುತ್ತಿದ್ದ ಕೋಲಾರವು ಗಂಗರ ಮೊದಲ ರಾಜಧಾನಿ. ಆಳ್ವಿಕೆ ತಲಕಾಡಿನತ್ತ ಸರಿದ ಮೇಲೂ ಗಂಗ ಅರಸರು ಕೋವಳಾಲಪುರವರೇಶ್ವರ ಎಂಬ ಬಿರುದನ್ನು ಬಿಡಲಿಲ್ಲ. ಆ ವಂಶದ ಇಮ್ಮಡಿ ಬೂತುಗನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಹೇಳುವ, ಶಕ 872ರ (ಕ್ರಿ.ಶ. 949-50) ಆತಕೂರಿನ ಶಾಸನವು ಕೋಲಾರದಲ್ಲಿರದೆ ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ್ದರೂ, ನಾಯಿಯೊಂದರ ಸೇವೆಗೆ ಸಂದ ಗೌರವದ ದಾಖಲೆಯಾಗಿ ಇಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಾಳಗದಲ್ಲಿ ಕಾದಿದ ಮಣಲೆರನೆಂಬ ವೀರನನ್ನು ಮೆಚ್ಚಿ, ಬೇಕಾದುದನ್ನು ಕೇಳೆಂದು ಬೂತುಗನು ಹೇಳಿದಾಗ, ಆತನು ಊರನ್ನೂ ಹೊನ್ನನ್ನೂ ಕೇಳದೆ ಅರಸನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆತಕೂರು ಹನ್ನೆರಡು ಎಂಬ ಹನ್ನೆರಡು ಊರುಗಳ ಸೀಮೆಯು ಅವನಿಗೆ ಬಾಳ್ಗಳ್ಚಾಗಿ, ಎಂದರೆ ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿಯಾಗಿ, ದೊರೆಯಿತು. ಕೆಲಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಬೀಜ ಹಿಡಿಯುವ ಗದ್ದೆಯನ್ನು ಬಿಡಲಾಯಿತು. ಗುಡಿಯ ಗೊರವನು, ಅಂದರೆ ಶೈವ ಪೂಜಾರಿಯು, ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಹೊಣೆಯಾಗುತ್ತಾನೆಂದು ಶಾಸನವು ಎಚ್ಚರಿಸುತ್ತದೆ. ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದಾಡುತ್ತಿವೆ. ಮೆಚ್ಚುಗೆಯು ಇಷ್ಟು ಬಹಿರಂಗವಾಗಿ, ಇಷ್ಟು ದೀರ್ಘ ಹೊಣೆಗಾರಿಕೆಯೊಡನೆ ಸಂದ ನಿದರ್ಶನ ಕನ್ನಡ ನಾಡಿನಲ್ಲಿ ಅಪರೂಪ.

ಬತ್ತದ ಹೊಳೆಯಿಲ್ಲದ ಕೋಲಾರ ಸೀಮೆಯಲ್ಲಿ ಮಾತ್ರ ದೊಡ್ಡ ಮೆಚ್ಚುಗೆಗಳು ಯುದ್ಧಕ್ಕೆ ಸಲ್ಲುವಷ್ಟೇ ಕೆರೆಗೂ ಸಲ್ಲುತ್ತಿದ್ದವು. ಕೆರೆ ಕಟ್ಟಿಸಿದವನಿಗೆ ಅಥವಾ ಒಡೆದ ಏರಿಯನ್ನು ಸರಿಪಡಿಸಿದವನಿಗೆ ಅದರ ಕೆಳಗಿನ ಭೂಮಿಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲಿಗೆ ಬಿಟ್ಟುವಟ್ಟವೆಂದೂ, ಊರಿಗಾಗಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆಯೆಂದೂ ಹೆಸರು. ಕೊಟ್ಟದ್ದು ಭೂಮಿಯಾದುದರಿಂದ, ಕೆರೆ ತುಂಬಿದರೆ ಮಾತ್ರ ಬಿಟ್ಟುವಟ್ಟಕ್ಕೆ ಬೆಲೆ. ಹೀಗಾಗಿ ಬಹುಮಾನ ಪಡೆದವನೇ ಆ ಕೆಲಸದ ಮುಂದಿನ ಕಾವಲುಗಾರನೂ ಆಗುತ್ತಿದ್ದನು. ಈ ಏರ್ಪಾಡಿನ ಜಾಣ್ಮೆಯು ಇಂದಿನ ನೀರಾವರಿ ಯೋಜನೆಗಳಲ್ಲಿ ವಿರಳವೆಂದೇ ಹೇಳಬೇಕು.

ಕೆರೆಯ ದಿನನಿತ್ಯದ ದುಡಿಮೆಯೋ ನೀರುಗಂಟಿಯದು. ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ ಮೊದಲಾದ ಹನ್ನೆರಡು ಆಯಗಾರರಲ್ಲಿ, ಎಂದರೆ ಊರಿನ ಬೆಳೆಯಲ್ಲಿ ಗೊತ್ತಾದ ಪಾಲು ಪಡೆಯುವ ಸೇವಕರಲ್ಲಿ, ಆತನೂ ಒಬ್ಬನು. ತೂಬೆತ್ತಿ, ಕಾಲುವೆಯ ಬಾಯಿಯನ್ನು ಮಣ್ಣಿನಿಂದ ಕಟ್ಟುತ್ತ ಬಿಚ್ಚುತ್ತ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವುದು, ಮಳೆ ಸುರಿಯುವ ರಾತ್ರಿಯಲ್ಲಿ ಏರಿ ಕಾಯುವುದು, ನೀರು ಸಾಲದ ವರ್ಷದಲ್ಲಿ ಯಾರಿಗೂ ಹೆಚ್ಚುಕಡಿಮೆಯಾಗದಂತೆ ಸರದಿ ನಡೆಸುವುದು ಇವೆಲ್ಲ ಅವನ ಪಾಲಿನ ಕೆಲಸಗಳಾಗಿದ್ದವು. ಸುಗ್ಗಿಯಲ್ಲಿ ಕಣದ ರಾಶಿಯನ್ನು ಕೊಳಗದಿಂದ ಅಳೆಯುವಾಗ ಅವನ ಪಾಲನ್ನು ಎಲ್ಲರ ಎದುರಿಗೆ ತೆಗೆದಿಡಲಾಗುತ್ತಿತ್ತು; 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂಥ ರಾಶಿ ಹಂಚಿಕೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನೀರುಗಂಟಿಯು ನೀರು ಹಾಯಿಸಿದ್ದು ಸರಿಯೋ ತಪ್ಪೋ ಎಂಬುದಕ್ಕೆ ಕಾಲುವೆಯ ಕೊನೆಯ ಗದ್ದೆಯ ಪೈರೇ ಸಾಕ್ಷಿಯಾಗಿತ್ತು.

ಈ ವ್ಯವಸ್ಥೆಯನ್ನು ಹಾಡಿ ಹೊಗಳುವುದು ಮಾತ್ರ ಸತ್ಯಕ್ಕೆ ಅಪಚಾರವಾಗುತ್ತದೆ. ನೀರುಗಂಟಿ, ತೋಟಿಗಳ ಕೆಲಸಗಳು ಬಹುಮಟ್ಟಿಗೆ ಅಸ್ಪೃಶ್ಯವೆನಿಸಿಕೊಂಡ ಮನೆತನಗಳ ಮೇಲೆ ವಂಶಪಾರಂಪರ್ಯವಾಗಿ ಬಿದ್ದಿದ್ದವು. ಒಲ್ಲೆನೆಂದು ಕೆಲಸ ಬಿಡಲು ಅವರಿಗೆ ಎಡೆಯಿರಲಿಲ್ಲ, ಆಯದ ಜೊತೆಗೆ ಕೂಲಿಯಿಲ್ಲದ ಬಿಟ್ಟಿ ಚಾಕರಿಯೂ ಅಂಟಿಕೊಂಡಿತ್ತು. ಹತ್ತಾರು ಜನರ ನಡುವೆ ನಿಂತು ತನ್ನ ಪಾಲಿಗೆ ಸೆರಗೊಡ್ಡುವವನು, ಕೊಳಗ ತುಂಬ ಅಳೆಯದ ಒಕ್ಕಲಿಗೆ ಯಾವ ಅಂಕವನ್ನೂ ಹಾಕುವಂತಿರಲಿಲ್ಲ. ತಂತ್ರಾಂಶದ ಮೂಲಕ ಭಕ್ಷೀಸು ಪಡೆಯುವ ಇಂದಿನ ದುಡಿಮೆಗಾರನಿಗೂ ಈ ಕೊರತೆ ಹೊಸದಲ್ಲ. ಅವನನ್ನು ತೂಗುವಾತನು ಎದುರಿಗೆ ಕಾಣುವುದೂ ಇಲ್ಲ ಎಂಬುದೊಂದೇ ಹೆಚ್ಚಿನ ಸಂಗತಿ.

ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ಕೊನೆಗೊಳಿಸಿತು. ಹುಟ್ಟಿನ ಕಟ್ಟು ಕಳಚಿದ್ದು ನ್ಯಾಯವೇ ಆಗಿತ್ತು. ಊರೊಪ್ಪಿಗೆಯ ಮೇಲೆ ನೀರುಗಂಟಿಗೆ ಧಾನ್ಯ ಕೊಡುವ ರೂಢಿ ಕೆಲವು ಊರುಗಳಲ್ಲಿ ಮುಂದುವರಿದರೂ, ಕೊಳವೆಬಾವಿಗಳು ಹೆಚ್ಚಿ, ಕೆರೆಯಂಗಳ ಹೂಳು ತುಂಬಿ, ಅಚ್ಚುಕಟ್ಟಿನ ಭತ್ತದ ಜಾಗದಲ್ಲಿ ಟೊಮೆಟೊ ಬಂದ ಮೇಲೆ ಅವನಿಗೆ ಹಾಯಿಸಲು ನೀರೇ ಉಳಿಯಲಿಲ್ಲ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಯನ್ನು ಸೇರಿ, ಮುಂದೆ ಜಿಲ್ಲೆಯ ಹಲವು ಕೆರೆಗಳನ್ನು ತುಂಬಿಸಿತಾದರೂ, ಆ ನೀರಿನ ಉದ್ದೇಶ ಅಂತರ್ಜಲ ಮರುಪೂರಣವಾದುದರಿಂದ ಅದನ್ನು ತೂಬಿನ ಮೂಲಕ ನೇರವಾಗಿ ಗದ್ದೆಗೆ ಹಾಯಿಸಲು ಅವಕಾಶವಿಲ್ಲ; ಕೆರೆಗೆ ನೀರು ಬಂದರೂ ನೀರುಗಂಟಿಗೆ ಕೆಲಸ ಬರಲಿಲ್ಲ.