ಕೃಷಿ ಕೌಶಲ್ಯ ತರಬೇತಿ ಮತ್ತು ವೃತ್ತಿ ಮುನ್ನಡೆ: ಭೂರಹಿತರು, ಮಹಿಳೆಯರು ಹಾಗೂ ಗ್ರಾಮೀಣ ಯುವಜನರಿಗೆ ಸಮಾನ ಅವಕಾಶ

ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ರೈತ ಸಂಪರ್ಕ ಕೇಂದ್ರದಲ್ಲಾಗಲಿ ನಡೆದ ತರಬೇತಿಗಳ ಹಾಜರಾತಿ ಪುಸ್ತಕವನ್ನು ಮೂರು ನಾಲ್ಕು ವರ್ಷಗಳಿಗೆ ಒಟ್ಟಿಗೆ ತಿರುವಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಒಮ್ಮೆ ಬಂದವರೇ ಮತ್ತೆ ಮತ್ತೆ ಬಂದಿರುತ್ತಾರೆ. ರಸ್ತೆಯ ಬದಿಯ ಊರುಗಳಿಂದ ಬಂದವರು, ಹೆಸರಿನಲ್ಲಿ ಪಹಣಿ ಇರುವವರು, ಬಹುಪಾಲು ಗಂಡಸರು. ಇವರು ಕಲಿಯಬಾರದೆಂದಲ್ಲ. ಆದರೆ ಹೊಲದಲ್ಲಿ ದಿನವಿಡೀ ಕೈಯಾಡಿಸುವವರಲ್ಲಿ ಹೆಚ್ಚಿನವರು ಆ ಪುಸ್ತಕದಲ್ಲಿ ಇಲ್ಲವೆಂಬುದು ಯೋಚಿಸತಕ್ಕ ವಿಷಯ.

ಕೃಷಿ ವಿಜ್ಞಾನ ಕೇಂದ್ರಗಳ ಕಲ್ಪನೆ ಮೂಡಿದ್ದೇ ವೃತ್ತಿ ತರಬೇತಿಗಾಗಿ. ಡಾ. ಮೋಹನ್ ಸಿಂಗ್ ಮೆಹ್ತಾ ಸಮಿತಿಯ ಶಿಫಾರಸಿನಂತೆ 1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೇಂದ್ರ ಆರಂಭವಾಯಿತು. ಈಗ ದೇಶದಲ್ಲಿ ಇಂತಹ 700ಕ್ಕೂ ಹೆಚ್ಚು ಕೇಂದ್ರಗಳಿವೆ. ಸಾಗುವಳಿಯಲ್ಲಿ ತೊಡಗಿರುವವರು, ಶಾಲೆ ಬಿಟ್ಟ ಯುವಕ ಯುವತಿಯರು ಮತ್ತು ಕ್ಷೇತ್ರಮಟ್ಟದ ವಿಸ್ತರಣಾ ಕಾರ್ಯಕರ್ತರು ಈ ಮೂವರಿಗೂ ಮಾಡುತ್ತಾ ಕಲಿಯುವ ಅವಕಾಶ ಕಲ್ಪಿಸುವುದು ಅವುಗಳ ಮೂಲ ಉದ್ದೇಶ. ಇದರಲ್ಲಿ ಭೂಮಿಯ ಒಡೆತನದ ಷರತ್ತು ಎಲ್ಲಿಯೂ ಇಲ್ಲ.

ಹೊರಗುಳಿಯುವವರು ಯಾರು, ಏಕೆ?

ಮೊದಲ ಅಡ್ಡಿ ದಾಖಲೆಯದು. ರಾಜ್ಯದಲ್ಲಿ ಕೃಷಿ ಸಂಬಂಧಿತ ಸವಲತ್ತುಗಳಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಆಧಾರವಾಗಿದೆ; ಆ ಸಂಖ್ಯೆ ಭೂದಾಖಲೆಯೊಡನೆ ಜೋಡಣೆಗೊಂಡಿರುತ್ತದೆ. ಸಹಾಯಧನಕ್ಕೆ ಇದು ಅಗತ್ಯವಿರಬಹುದು. ಆದರೆ ತರಬೇತಿಗೂ ಇದೇ ಪಟ್ಟಿಯಿಂದ ಹೆಸರು ಆರಿಸುವ ರೂಢಿ ಬೆಳೆದಾಗ ಭೂಮಿ ಇಲ್ಲದವರು ತಾವಾಗಿಯೇ ಬಿಟ್ಟುಹೋಗುತ್ತಾರೆ. ಗ್ರಾಮೀಣ ಭಾರತದಲ್ಲಿ ದುಡಿಯುವ ಮಹಿಳೆಯರ ಪೈಕಿ ಸುಮಾರು ಶೇ. 76ರಷ್ಟು ಮಂದಿ ಕೃಷಿಯಲ್ಲಿದ್ದಾರೆಂದು 2022–23ರ ಆವರ್ತಕ ಕಾರ್ಮಿಕ ಬಲ ಸಮೀಕ್ಷೆ ಹೇಳುತ್ತದೆ. 2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿರುವುದು ಶೇ. 14ರ ಆಸುಪಾಸು ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ನಮ್ಮ ಸಮಸ್ಯೆಯ ಹೆಚ್ಚಿನ ಭಾಗವಿದೆ.

ಗುತ್ತಿಗೆ ಅಥವಾ ಕೋರಿಗೆ ಮಾಡುವವರ ಸ್ಥಿತಿ ಇನ್ನೂ ಸೂಕ್ಷ್ಮ. 1974ರ ತಿದ್ದುಪಡಿಯ ನಂತರ ಕರ್ನಾಟಕ ಭೂಸುಧಾರಣಾ ಕಾಯ್ದೆಯು ಕೆಲವೇ ವಿನಾಯಿತಿಗಳನ್ನು ಬಿಟ್ಟು ಕೃಷಿ ಭೂಮಿಯ ಗೇಣಿಯನ್ನು ನಿಷೇಧಿಸಿದೆ. ಆದ್ದರಿಂದ ಇಂದು ನಡೆಯುತ್ತಿರುವ ಗುತ್ತಿಗೆಯೆಲ್ಲ ಬಾಯಿಮಾತಿನದು. ಐದು ಎಕರೆ ಮೆಣಸಿನಕಾಯಿ ಬೆಳೆದು, ಗೊಬ್ಬರ ಔಷಧಿಗೆ ಸಾಲ ಮಾಡಿದವನಿಗೂ ತಾನು ರೈತನೆಂದು ತೋರಿಸಲು ಒಂದು ಕಾಗದವಿಲ್ಲ. ಸಮಗ್ರ ಕೀಟ ನಿರ್ವಹಣೆಯ ತರಬೇತಿ ಯಾರಿಗೆ ಹೆಚ್ಚು ಅಗತ್ಯವೋ ಅವನೇ ಪಟ್ಟಿಯಿಂದ ಹೊರಗಿರುತ್ತಾನೆ.

ಎರಡನೆಯದು ಕೂಲಿಯ ಲೆಕ್ಕ. ಒಂದು ವಾರದ ತರಬೇತಿಯೆಂದರೆ ಕೂಲಿ ಕುಟುಂಬಕ್ಕೆ ಒಂದು ವಾರದ ಸಂತೆಯ ಖರ್ಚು. ಊಟ, ವಸತಿ, ಪ್ರಯಾಣ ಭತ್ಯೆ ಕೊಟ್ಟರೂ ಮನೆಯಲ್ಲಿ ಉಳಿದವರ ಒಲೆ ಉರಿಯಬೇಕಲ್ಲವೇ? ಕಳೆ, ಕೊಯ್ಲು, ಹತ್ತಿ ಬಿಡಿಸುವ ಸಮಯದಲ್ಲಿ ಏರ್ಪಡಿಸಿದ ತರಬೇತಿಗೆ ಕೂಲಿಕಾರರು ಬರಲಿಲ್ಲವೆಂದು ಅವರಿಗೆ ಆಸಕ್ತಿ ಇಲ್ಲವೆಂದು ಬರೆಯುವುದು ನ್ಯಾಯವಲ್ಲ.

ಮೂರನೆಯದು ಸಮಯ ಮತ್ತು ಸ್ಥಳ. ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳುಹಿಸಿದ ಹೆಣ್ಣುಮಗಳು ತಾಲ್ಲೂಕು ಕೇಂದ್ರವನ್ನು ಒಂಬತ್ತೂವರೆಗೆ ತಲುಪಲಾರಳು. ಸಂಜೆಯ ಹಾಲಿನ ಹೊತ್ತಿಗೆ ಹಿಂದಿರುಗಲೇಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆದರೆ ಊರಿಗೆ ಬಸ್ಸೇ ಇಲ್ಲದಿದ್ದರೆ ಆ ಸೌಲಭ್ಯದಿಂದ ಪ್ರಯೋಜನವಿಲ್ಲ.

ಯಂತ್ರ ಬಂದಾಗ ಕೆಲಸ ಯಾರದು?

ತರಬೇತಿಯ ಹಂಚಿಕೆ ಏಕೆ ಮುಖ್ಯವೆಂಬುದಕ್ಕೆ ಭತ್ತದ ನಾಟಿ ಒಳ್ಳೆಯ ಉದಾಹರಣೆ. ನೀರಾವರಿ ಪ್ರದೇಶಗಳಲ್ಲಿ ನಾಟಿ ಬಹುತೇಕ ಹೆಣ್ಣುಮಕ್ಕಳ ಕೆಲಸ. ತಂಡ ಕಟ್ಟಿಕೊಂಡು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ಮುಂಗಾರಿನಲ್ಲಿ ಗಳಿಸುವ ಹಣ ಹಲವು ಮನೆಗಳಿಗೆ ವರ್ಷದ ದೊಡ್ಡ ಆದಾಯ. ಆಳುಗಳ ಕೊರತೆಯಿಂದ ನಾಟಿ ಯಂತ್ರಗಳೂ ನೇರ ಬಿತ್ತನೆಯೂ ಹರಡುತ್ತಿವೆ. ಇದನ್ನು ತಡೆಯುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಯಂತ್ರ ಚಾಲನೆಯ ತರಬೇತಿಗೆ ಟ್ರ್ಯಾಕ್ಟರ್ ಓಡಿಸಬಲ್ಲ ಹುಡುಗರನ್ನಷ್ಟೇ ಆರಿಸಿದರೆ, ಒಂದು ಯಂತ್ರ ಇಬ್ಬರು ಗಂಡಸರಿಗೆ ಕೆಲಸ ಕೊಟ್ಟು ಒಂದು ಇಡೀ ತಂಡದ ಹೆಂಗಸರ ಕೆಲಸವನ್ನು ಕಸಿದುಕೊಂಡಂತಾಗುತ್ತದೆ.

ಯಂತ್ರದ ನಾಟಿಗೆ ಬೇಕಾಗುವ ಕೌಶಲ್ಯಗಳನ್ನು ಬಿಡಿಸಿ ನೋಡಿದರೆ ಹೊಸ ದಾರಿ ಕಾಣುತ್ತದೆ. ಯಂತ್ರಕ್ಕೆ ತಟ್ಟೆ ಅಥವಾ ಚಾಪೆಯ ಮಾದರಿಯಲ್ಲಿ ಬೆಳೆಸಿದ ಸುಮಾರು 15ರಿಂದ 20 ದಿನಗಳ ಎಳೆಯ ಸಸಿ ಬೇಕು. ಮಣ್ಣು ಜರಡಿ ಹಿಡಿಯುವುದು, ಬೀಜೋಪಚಾರ, ಸಮನಾಗಿ ಬಿತ್ತುವುದು, ನೀರು ಕೊಡುವುದು, ಬೇರು ಹೆಣೆದುಕೊಂಡ ಚಾಪೆಯನ್ನು ಹರಿಯದಂತೆ ಎತ್ತುವುದು ಇವೆಲ್ಲ ಕೈಯ ನಯ ಬೇಡುವ ಕೆಲಸಗಳು. ಸಸಿಯ ಗುಣವನ್ನು ಕಣ್ಣಳತೆಯಲ್ಲಿ ಹೇಳಬಲ್ಲ ನಾಟಿ ತಂಡದವರಿಗೆ ಇದನ್ನು ಕಲಿಸುವುದು ಕಷ್ಟವಲ್ಲ. ಸಸಿಮಡಿಯನ್ನು ಎಕರೆ ಲೆಕ್ಕದಲ್ಲಿ ಬೆಳೆಸಿ ಮಾರುವ ಘಟಕವನ್ನು ಸ್ವಸಹಾಯ ಸಂಘವೇ ನಡೆಸಬಹುದು. ಹಿಂದೆ ನಡೆದು ನಡೆಸುವ ಸಣ್ಣ ನಾಟಿ ಯಂತ್ರವನ್ನು ಮಹಿಳೆಯರೂ ನಡೆಸಬಲ್ಲರು. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಯಾವುದೇ ಯಂತ್ರದ ಪ್ರಾತ್ಯಕ್ಷಿಕೆ ಏರ್ಪಡಿಸುವ ಮೊದಲು, ಈ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆಂದು ವಿಚಾರಿಸಿ, ಅವರನ್ನೇ ಮೊದಲ ತಂಡದ ಶಿಬಿರಾರ್ಥಿಗಳನ್ನಾಗಿ ಆರಿಸುವುದು ಸೂಕ್ತ. ಕಳೆ ತೆಗೆಯುವ ಯಂತ್ರ, ಔಷಧಿ ಸಿಂಪರಣೆ, ಒಕ್ಕಣೆ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ನಿಮಗೆ ದೊರೆಯುವ ತರಬೇತಿಗಳು

ನೀವು ಪದವೀಧರರಾಗಿರಬೇಕಿಲ್ಲ, ಜಮೀನುದಾರರೂ ಆಗಿರಬೇಕಿಲ್ಲ. ಯಾವ ಬಾಗಿಲು ಯಾರಿಗೆ ತೆರೆದಿದೆಯೆಂದು ತಿಳಿದಿದ್ದರೆ ಸಾಕು.

ಗ್ರಾಮೀಣ ಯುವಜನರ ಕೌಶಲ್ಯ ತರಬೇತಿಯು ಏಳು ದಿನಗಳದು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಹೊಣೆಯಲ್ಲಿ ರಾಜ್ಯಗಳ ಮೂಲಕ ನಡೆಯುವ ಇದರಲ್ಲಿ ಜೇನು ಸಾಕಣೆ, ಅಣಬೆ, ಸಸ್ಯಾಭಿವೃದ್ಧಿ, ಎರೆಗೊಬ್ಬರ ಮೊದಲಾದ ವಿಷಯಗಳಿವೆ. ಸ್ವಂತ ಉದ್ಯೋಗ ಬಯಸುವವರಿಗೆ ರುಡ್‌ಸೆಟ್ ಮತ್ತು ಅದೇ ಮಾದರಿಯ ಬ್ಯಾಂಕ್ ಪ್ರಾಯೋಜಿತ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಊಟ ವಸತಿ ಸಹಿತ ಉಚಿತ ತರಬೇತಿ ನೀಡುತ್ತವೆ. ಧರ್ಮಸ್ಥಳದ ಟ್ರಸ್ಟ್ ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ಈ ಪ್ರಯೋಗ ನಂತರ ದೇಶಕ್ಕೆಲ್ಲ ಮಾದರಿಯಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ತರಬೇತಿ ಕೊಡುವವರೂ ಸಾಲ ಕೊಡುವವರೂ ಒಂದೇ ಸೂರಿನಡಿ ಇರುವುದೇ ಇದರ ಬಲ.

ಕೃಷಿ ಸಖಿ ಕಾರ್ಯಕ್ರಮವು ಕೇಂದ್ರದ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಸಚಿವಾಲಯಗಳ ಜಂಟಿ ಯೋಜನೆ. ಮೊದಲ ಹಂತದ 12 ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಸ್ವಸಹಾಯ ಸಂಘದ ಸದಸ್ಯೆಯರಿಗೆ ಬೇರೆ ಬೇರೆ ಹಂತಗಳಲ್ಲಿ ಒಟ್ಟು 56 ದಿನಗಳ ತರಬೇತಿ ನೀಡಿ, ಊರಿನಲ್ಲಿಯೇ ಪೂರಕ ವಿಸ್ತರಣಾ ಕಾರ್ಯಕರ್ತೆಯರನ್ನಾಗಿ ರೂಪಿಸಲಾಗುತ್ತದೆ. 2023ರಲ್ಲಿ ಮಂಜೂರಾದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸಂಘಗಳಿಗೆ ಡ್ರೋನ್ ಒದಗಿಸುವ ಗುರಿಯಿದೆ, ವೆಚ್ಚದ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನವಿದೆ. ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ಚಾಲನಾ ತರಬೇತಿಯೂ ಮತ್ತೊಬ್ಬರಿಗೆ ದುರಸ್ತಿ ಮೊದಲಾದ ಕೆಲಸಗಳಿಗಾಗಿ ಸಹಾಯಕ ತರಬೇತಿಯೂ ದೊರೆಯುತ್ತದೆ.

ಯಂತ್ರಗಳ ಚಾಲನೆ, ದುರಸ್ತಿ ಕಲಿಯಬಯಸುವ ಬಳ್ಳಾರಿ, ತುಮಕೂರು, ಚಿತ್ರದುರ್ಗ ಭಾಗದವರಿಗೆ ಅನಂತಪುರದ ಬಳಿಯ ಗಾರ್ಲದಿನ್ನೆಯ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆ ದೂರವೇನಲ್ಲ. ಹೊರಗೆ ಸಂಬಳದ ಉದ್ಯೋಗ ಬೇಕೆನ್ನುವವರಿಗಾಗಿ 2014ರಲ್ಲಿ ಆರಂಭವಾದ ದೀನ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯು 15ರಿಂದ 35 ವರ್ಷದ ಬಡ ಗ್ರಾಮೀಣ ಯುವಜನರಿಗಾಗಿ ರೂಪುಗೊಂಡಿತು. ಮಹಿಳೆಯರಿಗೆ ಮತ್ತು ಅಂಗವಿಕಲರಿಗೆ ವಯೋಮಿತಿ 45. ಅದರ ಅನುದಾನದಲ್ಲಿ ಅರ್ಧ ಪಾಲು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೀಸಲು. ಫಲಾನುಭವಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು.

ಕೈಯಲ್ಲಿರುವ ಕಸುಬಿಗೆ ಮಾನ್ಯತೆ

ಎಲ್ಲರಿಗೂ ಹೊಸದಾಗಿ ಕಲಿಸಬೇಕಿಲ್ಲ. ಅಡಿಕೆಯ ಕೊನೆಗಾರ, ಮಾವು ಸಪೋಟಕ್ಕೆ ಕಸಿ ಕಟ್ಟುವವರು, ದ್ರಾಕ್ಷಿ ಚಾಟನಿಯಲ್ಲಿ ಪಳಗಿದವರು, ರೇಷ್ಮೆ ಹುಳುವಿನ ಜ್ವರವನ್ನು ಎಲೆ ತಿನ್ನುವ ಸದ್ದಿನಲ್ಲೇ ಗುರುತಿಸುವ ಅಜ್ಜಿ ಇವರೆಲ್ಲ ನುರಿತ ಕೆಲಸಗಾರರು. ಆದರೆ ನರ್ಸರಿಗೆ ಪರವಾನಗಿ, ಬ್ಯಾಂಕಿನಲ್ಲಿ ಸಾಲ, ಕಂಪನಿಯ ತೋಟದಲ್ಲಿ ಮೇಸ್ತ್ರಿಯ ಹುದ್ದೆ ಕೇಳುವಾಗ ಕಾಗದ ಬೇಕಾಗುತ್ತದೆ. ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆ ಇದಕ್ಕೆಂದೇ ಇದೆ. ಅಲ್ಪಾವಧಿಯ ಪರಿಚಯ ತರಗತಿಯ ನಂತರ ಕೆಲಸ ಮಾಡಿ ತೋರಿಸಿದರೆ ಪ್ರಮಾಣಪತ್ರ ದೊರೆಯುತ್ತದೆ. ಕೃಷಿ ವಿಭಾಗದಲ್ಲಿ ಇದರ ಹೊಣೆ ಭಾರತೀಯ ಕೃಷಿ ಕೌಶಲ್ಯ ಮಂಡಳಿಯದು.

ಮರ ಹತ್ತುವವರ ವಿಷಯದಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ತೋರಿದ ದಾರಿ ಗಮನಾರ್ಹ. 2011ರಿಂದ ನಡೆಯುತ್ತಿರುವ ‘ತೆಂಗಿನ ಮರದ ಸ್ನೇಹಿತರು’ ತರಬೇತಿಯಲ್ಲಿ ಹತ್ತುವ ಯಂತ್ರದ ಬಳಕೆಯ ಜೊತೆಗೆ ಕೀಟ, ರೋಗ ಗುರುತಿಸುವುದನ್ನೂ ಕಲಿಸಿ, ಅಪಘಾತ ವಿಮೆಯ ವ್ಯವಸ್ಥೆಯನ್ನೂ ಮಾಡಲಾಗಿದೆ. ಕೇವಲ ಕಾಯಿ ಕೆಡವುವವನು ಸುಳಿ ಕೊಳೆಗೆ ಚಿಕಿತ್ಸೆ ನೀಡಬಲ್ಲವನಾದರೆ ಅವನ ಕೂಲಿ, ಗೌರವ ಎರಡೂ ಹೆಚ್ಚುತ್ತವೆ.

ತರಬೇತಿಯ ನಂತರ

ತರಬೇತಿ ಮುಗಿದ ದಿನ ತೆಗೆದ ಛಾಯಾಚಿತ್ರದಿಂದ ಯಾರಿಗೂ ಉದ್ಯೋಗ ದೊರೆಯುವುದಿಲ್ಲ. ಮುಂದಿನ ಮೆಟ್ಟಿಲು ಯಾವುದೆಂದು ಮೊದಲೇ ತಿಳಿದಿರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕನ್ನಡ ಮಾಧ್ಯಮದ ಕೃಷಿ ಡಿಪ್ಲೊಮಾ ಇದೆ. ಪದವಿ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಸೀಟುಗಳು ಮೀಸಲಾಗಿದ್ದು, ಅದಕ್ಕೆ ಕೃಷಿ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಪದವಿ ಅಥವಾ ಡಿಪ್ಲೊಮಾ ಮುಗಿಸಿದವರು 2002ರಲ್ಲಿ ಆರಂಭವಾದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರ ಯೋಜನೆಯಡಿ 45 ದಿನಗಳ ಉಚಿತ ವಸತಿ ತರಬೇತಿ ಪಡೆದು ಸಾಲಕ್ಕೆ ಅರ್ಜಿ ಸಲ್ಲಿಸಬಹುದು. ಯೋಜನಾ ವೆಚ್ಚಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 36, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 44ರಷ್ಟು ಸಹಾಯಧನ ನಿಗದಿಯಾಗಿದೆ. ಗೊಬ್ಬರ, ಕೀಟನಾಶಕ ಮಾರಾಟಗಾರರಿಗೆ 48 ವಾರಗಳ ದೇಸಿ ಡಿಪ್ಲೊಮಾ ಇದೆ. ಅಂಗಡಿಯಲ್ಲಿ ದುಡಿಯುವ ಸಹಾಯಕರು ಇದರ ಬಗ್ಗೆ ಮಾಲೀಕರೊಡನೆ ಮಾತನಾಡುವುದು ಒಳ್ಳೆಯದು. ರೈತ ಮೊದಲು ಸಲಹೆ ಕೇಳುವುದು ಅವರನ್ನೇ.

ಹತ್ತನೆಯ ತರಗತಿ ಎಂಬುದು ಹಲವು ಕಡೆ ಗೋಡೆಯಾಗಿ ನಿಲ್ಲುತ್ತದೆ. ಡ್ರೋನ್ ಚಾಲನಾ ಪ್ರಮಾಣಪತ್ರಕ್ಕೂ 18 ವರ್ಷ ವಯಸ್ಸು ಮತ್ತು ಹತ್ತನೆಯ ತರಗತಿ ಕಡ್ಡಾಯ. ಶಾಲೆ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಅಥವಾ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಬರೆಯಬಹುದು. ಸಂಘದ ಸದಸ್ಯೆಯರಲ್ಲಿ ನಾಲ್ಕು ಮಂದಿ ಒಟ್ಟಿಗೆ ಕಟ್ಟಿದರೆ ಓದು ಹಗುರವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಆತ್ಮ ಯೋಜನೆಯ ಮಾರ್ಗಸೂಚಿಯಂತೆ ಸಂಪನ್ಮೂಲದ ಕನಿಷ್ಠ ಶೇ. 30ರಷ್ಟನ್ನು ಮಹಿಳೆಯರಿಗೆ ಬಳಸಬೇಕು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಬಡತನ ನಿವಾರಣೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಶೇ. 5ರಷ್ಟು ಪಾಲು ಅಂಗವಿಕಲರಿಗೆ, ಅದರಲ್ಲಿಯೂ ಮಹಿಳೆಯರಿಗೆ ಆದ್ಯತೆ. ಕಾಲು ಊನವಿರುವವರು ಅಣಬೆ ಘಟಕ, ಸಸಿ ತಟ್ಟೆ ತುಂಬುವುದು, ಉತ್ಪಾದಕ ಸಂಸ್ಥೆಯ ಲೆಕ್ಕಪತ್ರ ಮುಂತಾದವನ್ನು ಚೆನ್ನಾಗಿ ನಿರ್ವಹಿಸಬಲ್ಲರು. ಶೇಕಡಾವಾರು ತುಂಬಿಸಲು ಕೊನೆಯ ದಿನ ಅಂಗನವಾಡಿಯ ಬಳಿಯಿಂದ ಹತ್ತು ಮಂದಿಯನ್ನು ಕರೆತಂದು ಸಹಿ ಹಾಕಿಸುವ ಪರಿಪಾಠ ಎಲ್ಲಿ ಇದ್ದರೂ ನಿಲ್ಲಬೇಕು.

ಮಾಹಿತಿ ಫಲಕದಲ್ಲಿ ಸೂಚನೆ ಅಂಟಿಸಿದ ಮಾತ್ರಕ್ಕೆ ಸುದ್ದಿ ತಲುಪುವುದಿಲ್ಲ. ಸಂಜೀವಿನಿ ಒಕ್ಕೂಟದ ಸಭೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ ಮತ್ತು ಪರಿಶಿಷ್ಟರ ಕಾಲೊನಿ, ತಾಂಡಾ, ಹಾಡಿಗಳಲ್ಲಿ ನೇರವಾಗಿ ಹೇಳಬೇಕು. ಆಯ್ಕೆಯಾದವರ ಪಟ್ಟಿಯನ್ನೂ ಕಾರಣ ಸಹಿತ ಅಲ್ಲಿಯೇ ಓದಬೇಕು. ಪ್ರತಿ ತಂಡದಲ್ಲಿ ಹಿಂದೆ ಎಂದೂ ತರಬೇತಿ ಪಡೆಯದವರು ಅರ್ಧದಷ್ಟಾದರೂ ಇರಲಿ. ಏಳು ದಿನದ ಪಠ್ಯವನ್ನು ಊರಿನಲ್ಲಿಯೇ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರೂವರೆಯವರೆಗೆ, ದಿನಗಳನ್ನು ಹೆಚ್ಚಿಸಿ ನಡೆಸಲು ಬರುತ್ತದೆಯೇ ಎಂದು ಕೇಂದ್ರದ ಮುಖ್ಯಸ್ಥರೊಡನೆ ಚರ್ಚಿಸಿರಿ. ‘ಕೂಸಿನ ಮನೆ’ ಇರುವ ಪಂಚಾಯಿತಿಯಲ್ಲಿ ತರಬೇತಿ ನಡೆಸಿದರೆ ಎಳೆ ಮಕ್ಕಳ ತಾಯಂದಿರೂ ಬರುತ್ತಾರೆ. ಶೌಚಾಲಯ ಇಲ್ಲದ ಸ್ಥಳವನ್ನು ಆರಿಸಲೇಬೇಡಿ. ಆರು ತಿಂಗಳ ನಂತರ ಎಷ್ಟು ಮಂದಿ ಆ ಕೆಲಸದಲ್ಲಿದ್ದಾರೆ, ಅವರ ಗಳಿಕೆ ಏನಾಗಿದೆ ಎಂಬುದನ್ನು ವಿಚಾರಿಸಿ ದಾಖಲಿಸಿರಿ. ಹಾಜರಾತಿಗಿಂತ ಈ ದಾಖಲೆ ಹೆಚ್ಚು ಬೆಲೆಯುಳ್ಳದ್ದು.

ಅರ್ಜಿ ಸಲ್ಲಿಸುವ ಮುನ್ನ

ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಭಾವಚಿತ್ರ, ಓದಿದ ಪ್ರಮಾಣಪತ್ರ, ಅನ್ವಯಿಸಿದಲ್ಲಿ ಜಾತಿ ಹಾಗೂ ಅಂಗವಿಕಲತೆಯ ಪ್ರಮಾಣಪತ್ರಗಳ ಪ್ರತಿಗಳನ್ನು ಒಂದೆಡೆ ಇರಿಸಿಕೊಳ್ಳಿರಿ. ಪಹಣಿ ಕೇಳಿದರೆ, ಅದು ಈ ತರಬೇತಿಗೆ ನಿಜವಾಗಿ ಕಡ್ಡಾಯವೇ ಎಂದು ಮಾರ್ಗಸೂಚಿ ತೋರಿಸುವಂತೆ ವಿನಂತಿಸಿರಿ. ಉಚಿತವೆಂದು ಪ್ರಕಟವಾದ ತರಬೇತಿಗೆ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಡ್ರೋನ್ ಚಾಲನೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಪಡೆದ ಸಂಸ್ಥೆಯ ಪ್ರಮಾಣಪತ್ರವಷ್ಟೇ ಮಾನ್ಯ. ಹಣ ಕಟ್ಟುವ ಮುನ್ನ ಸಂಸ್ಥೆಯ ಅನುಮತಿಯನ್ನು ಪರಿಶೀಲಿಸಿರಿ. ಯಾವ ತರಬೇತಿ ಎಲ್ಲಿ ನಡೆಯುತ್ತದೆಯೆಂದು ತಿಳಿಯಲು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ. ಕಿಸಾನ್ ಕರೆ ಕೇಂದ್ರದ ಶುಲ್ಕರಹಿತ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು.